ಆಷಾಢದ ಹೊಸ್ತಿಲು

ನನ್ನ ಮನೆಯಲ್ಲಿ ಪಂಚಾಂಗ ಇಲ್ಲ. ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ. ಅದು ಶಾಲೆಯ ರಜೆ ನೋಡುವುದಕ್ಕೆ ಮತ್ತು ಗ್ಯಾಸಿನ ಸಿಲಿಂಡರ್ ಬಂದ ದಿನಕ್ಕೆ ಗುರುತು ಹಾಕುವುದಕ್ಕೆ. ತಾರೀಖಿನ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ತಿಥಿ, ನಕ್ಷತ್ರ, ರಾಹುಕಾಲ ಎಂದೆಲ್ಲ ಅಚ್ಚಾಗಿರುತ್ತದೆ. ಯಾರಾದರೂ ಕೇಳಿದರೆ ಕನ್ನಡಕ ಸಿಗುತ್ತಿಲ್ಲ ಎಂದುಬಿಡುತ್ತೇನೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ.

ನಾನು ಅವಸರದ ಹೆಂಗಸು ಎಂದು ಹೆಸರಾಗಿದ್ದೇನೆ. ಶಾಲೆಯ ತಗಡು ಸೋರಿದರೆ, ರಜೆ ಬರಲಿ, ದುರಸ್ತಿಯವರು ಬರಲಿ ಎಂದು ಕಾಯದೆ ಪಾಠದ ನಡುವೆಯೇ ಬೆಂಚಿನ ಮೇಲೆ ಬೆಂಚು ಹಾಕಿ ಹತ್ತಿ ಪ್ಲಾಸ್ಟಿಕ್ ಕಟ್ಟಿದವಳು. ಜೊತೆಯ ಶಿಕ್ಷಕಿಯೊಬ್ಬರು ಮಗಳ ಕಣ್ಣಿನ ಆಪರೇಷನ್ನಿಗೆ ಒಳ್ಳೆಯ ದಿನ ಹುಡುಕುತ್ತಿದ್ದಾಗ, ಡಾಕ್ಟರು ಬಿಡುವಾಗಿದ್ದಾರಲ್ಲ, ಅದಕ್ಕಿಂತ ಒಳ್ಳೆಯ ದಿನ ಯಾವುದು ಎಂದು ಅಂದು, ಅವರೊಡನೆ ಒಂದು ವರ್ಷ ಮಾತು ಬಿಟ್ಟದ್ದೂ ಉಂಟು. ‘ಶ್ರಾವಣ ಬರಲಿ’ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಕ್ಕಳಿಗೆ ಗಾದೆ ಬರೆಸುವಾಗ ‘ನಾಳೆ ಎಂದವನ ಮನೆ ಹಾಳು’ ಎಂಬುದನ್ನು ಮಾತ್ರ ನಾನು ಬರೆಸುವುದಿಲ್ಲ. ಗಾದೆ ಎಂದರೆ ಹಿರಿಯರು ಸುಮ್ಮನೆ ಅನ್ನುವ ಮಾತು ಎಂದು ಮಕ್ಕಳು ತಿಳಿಯುತ್ತಾರೆ. ನಾನು ಆ ಮನೆಯನ್ನು ನೋಡಿದ್ದೇನೆ. ಅದು ವಾಸ್ಕೋದ ಮಂಗೋರ್ ಹಿಲ್‌ನಲ್ಲಿತ್ತು.

ಆ ಮನೆಗೆ ನಾನು ಸೊಸೆಯಾಗಿ ಹೋದದ್ದು ವೈಶಾಖದಲ್ಲಿ. ಮೊಬೈಲು ಓಣಿಗೆ ಒಬ್ಬರ ಕೈಯಲ್ಲಿ ಇರುತ್ತಿದ್ದ ಕಾಲ. ನನ್ನ ತವರೂ ಗೋವಾದಲ್ಲೇ, ಝುವಾರಿನಗರದಲ್ಲಿ. ಅಪ್ಪ ಕಾರ್ಖಾನೆಯ ಕಡೆ ಗುತ್ತಿಗೆ ಕೂಲಿಗೆ ಹೋಗುತ್ತಿದ್ದರು. ಎರಡೂ ಮನೆಯವರು ವಿಜಯಪುರದ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು. ಗಂಡನ ಮನೆಗೂ ತವರಿಗೂ ನಡುವೆ ಒಂದು ಸಣ್ಣ ಬಸ್ ಪ್ರಯಾಣ. ಬೆಳಿಗ್ಗೆ ಜಗಳ ಮಾಡಿಕೊಂಡು ಬಂದರೂ ಮಧ್ಯಾಹ್ನದ ಚಹಾದ ಹೊತ್ತಿಗೆ ತಿರುಗಿ ಹೋಗಬಹುದು ಎಂದು ಅವ್ವ ನಗುತ್ತಿದ್ದಳು.

ಮನೆಯಲ್ಲಿ ಇದ್ದವರು ಮೂವರೇ: ಗೌಂಡಿ ಕೆಲಸದ ನನ್ನ ಗಂಡ, ಅತ್ತೆ, ನಾನು. ಮಾವ ಎಂದೋ ಹೋಗಿದ್ದರು. ಗುಡ್ಡ ಕಡಿದು ಮಾಡಿದ ಜಾಗ. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಮೇಲೆ ತಗಡು. ಅಡುಗೆಮನೆಯ ಬೆನ್ನಿಗೇ ಕಡಿದ ಗುಡ್ಡದ ದರೆ ನಿಂತಿತ್ತು. ಸೂರಿಗಿಂತ ಎತ್ತರ. ಗೋಡೆಗೂ ದರೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ತಿರುಗಿಯೇ ಹೋಗಬೇಕು. ಮೊದಲ ಸಲ ಅದನ್ನು ನೋಡಿದಾಗ, ಇದು ಜಾರಿದರೆ ಎಂದು ಅನ್ನಿಸಿತ್ತು. ಆದರೆ ಹೊಸ ಸೊಸೆ ಬಂದ ವಾರವೇ ಮನೆಗೆ ಹೆಸರಿಡುವುದುಂಟೆ?

ದರೆಗೆ ಆಸರೆ ಗೋಡೆ ಕಟ್ಟಬೇಕೆಂಬುದು ಗೊತ್ತಿಲ್ಲದ ವಿಷಯವೇನಲ್ಲ. ಅದಕ್ಕೆಂದೇ ಚಿರೇಕಲ್ಲು ತರಿಸಿ ಮನೆಯ ಮುಂದೆ ಒಟ್ಟಿದ್ದರು. ಅಷ್ಟರಲ್ಲಿ ನಮ್ಮ ಮದುವೆ ಕೂಡಿಬಂತು. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂದಿದ್ದಾರೆ, ಎರಡನ್ನೂ ಒಟ್ಟಿಗೆ ನೋಡು ಅಂದಿಲ್ಲ ಎಂದರು ಅತ್ತೆ. ಮದುವೆ ಆಯಿತು, ಮನೆದೇವರಿಗೆ ಹೋಗಿ ಬರುವುದಾಯಿತು. ಅಷ್ಟೊತ್ತಿಗೆ ಮಳೆ ಹತ್ತಿರ ಬಂದಿತ್ತು. ಮಳೆಗೆ ಮುಂಚೆ ಗೋವಾದಲ್ಲಿ ಗೌಂಡಿಗೆ ಉಸಿರಾಡಲು ಬಿಡುವಿರುವುದಿಲ್ಲ, ಎಲ್ಲರಿಗೂ ತಮ್ಮ ಗೋಡೆ ಮುಗಿಯಬೇಕು. ನನ್ನ ಗಂಡ ಊರವರ ಗೋಡೆಗಳನ್ನೆಲ್ಲ ಮುಗಿಸಿದರು. ಆಮೇಲೆ ಮಳೆ ಶುರುವಾಯಿತು, ಸಿಮೆಂಟು ನಿಲ್ಲುವುದಿಲ್ಲ. ಮಳೆ ಹೊಳವಾದ ಒಂದು ವಾರ ಸಿಕ್ಕಿತು, ಇನ್ನೇನು ಆಷಾಢ ಬಂತು, ಪಾಯ ತೆಗೆಯಬಾರದು ಎಂದಾಯಿತು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಒಪ್ಪುವ ಮಾತೇ. ಕಲ್ಲುಗಳು ಮಾತ್ರ ಬಾಗಿಲ ಮುಂದೆ ಕುಳಿತವು. ಬಂದವರು ಅವುಗಳ ಮೇಲೆ ಕುಳಿತು ಚಹಾ ಕುಡಿದರು.

ಅತ್ತೆಯ ಬಗ್ಗೆ ಹೇಳಬೇಕು. ಒಂಟಿ ಗಂಡಸರು ಕೂಡಿ ಇರುತ್ತಿದ್ದ ಕೋಣೆಗಳಿಗೆ ಅವರು ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದರು. ಬಂದರಿನ ಕೂಲಿಗಳು, ಸೆಂಟ್ರಿಂಗಿನವರು ಸಂಜೆ ಬಂದು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಡುಗೆಮನೆಯಲ್ಲಿ ದರೆಯ ಕಡೆಗಿನ ಗೋಡೆಗೆ ಬೆನ್ನು ಕೊಟ್ಟು ಕುಳಿತರೆ, ಮಧ್ಯಾಹ್ನ ತಿರುಗುವವರೆಗೆ ಏಳುತ್ತಿರಲಿಲ್ಲ. ಶಾಲೆ ಕಲಿತ ಸೊಸೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ನಿಮ್ಮ ಸಾಲಿಯಲ್ಲಿ ತೂಗುಹಾಕುವ ನಕಾಶೆಯಲ್ಲಿ ಇದು ಯಾವ ದೇಶ ಎಂದು ಕೇಳುತ್ತಿದ್ದರು. ನಾನು ಮೂತಿ ಉಬ್ಬಿಸಿದರೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನಿನ್ನದೂ ಬರುತ್ತದೆ, ಅಲ್ಲಿಯವರೆಗೆ ನಾನು ಬೈಯುತ್ತೇನೆ ಎಂದು ನಕ್ಕು ಮೊದಲ ಬಿಸಿ ರೊಟ್ಟಿಯನ್ನು ನನ್ನ ತಾಟಿಗೇ ಹಾಕುತ್ತಿದ್ದರು.

ಅವರು ಶಾಸ್ತ್ರಕ್ಕೆ ಕಟ್ಟುಬಿದ್ದ ಹೆಂಗಸು ಎಂದೇನೂ ಅಲ್ಲ. ಏಕಾದಶಿಯ ಉಪವಾಸಕ್ಕೆ ಚಹಾ ನಡೆಯುತ್ತದೆ, ಚಹಾಕ್ಕೆ ಖಾರಿ ಬಿಸ್ಕೀಟು ನಡೆಯುತ್ತದೆ, ಬಿಸ್ಕೀಟಿನ ಮೇಲೆ ಇನ್ನೊಂದು ಚಹಾ ಬೇಕೇ ಬೇಕು ಎನ್ನುವವರು. ಅದಕ್ಕೇ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಎಲ್ಲವನ್ನೂ ಬಗ್ಗಿಸಿದ ಆ ಕೈ, ಬಗ್ಗಿಸಲೇಬೇಕಾಗಿದ್ದ ಒಂದನ್ನು ಬಗ್ಗಿಸಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅವತ್ತು ಜಿಗಿಮಣ್ಣಿನಲ್ಲಿ ಜೋಡಿ ಎತ್ತು ಮಾಡಿ, ಜೋಳದ ಕಾಳಿನ ಕಣ್ಣಿಟ್ಟು ಪೂಜಿಸುತ್ತಾರೆ. ಗೋವಾದ ಕೆಂಪು ಮಣ್ಣು ಆ ಕೆಲಸಕ್ಕೆ ಬಾರದು, ಒಣಗಿದರೆ ಕೊಂಬು ಮುರಿಯುತ್ತದೆ. ಪ್ರತಿ ವರ್ಷ ಊರಿಂದ ಬರುವವರ ಕೈಯಲ್ಲಿ ಅತ್ತೆ ಒಂದು ಮುದ್ದೆ ಎರೆಮಣ್ಣು ತರಿಸುತ್ತಿದ್ದರಂತೆ. ಆ ವರ್ಷ ಯಾರೂ ಬರಲಿಲ್ಲ. ಕುರ್ಪಿ ಹಿಡಿದು ಹಿತ್ತಲ ಸಂದಿಗೆ ಹೋದವರು ಮುಖ ಅರಳಿಸಿಕೊಂಡು ಬಂದರು. ಬುಟ್ಟಿಯಲ್ಲಿ ಬಿಳಿ ಮಣ್ಣು, ಅಲ್ಲಲ್ಲಿ ನೇರಳೆ ಗೆರೆ, ನಾದಿದ ಹಿಟ್ಟಿನಷ್ಟು ಮೆತ್ತಗೆ.

“ನೋಡು ತಂಗಿ, ಈ ಸಲ ಗುಡ್ಡದಾಗ ಬಂಗಾರದಂಥಾ ಮಣ್ಣು ಸಿಕ್ಕೈತಿ. ಊರ ಮಣ್ಣಿಗೆ ಕಡಿಮಿ ಇಲ್ಲ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಏನೋ.”

ಎತ್ತಿಗೆ ಮೇವು ಹಾಕುವ ಗ್ವಾದಲಿ ಮಾಡಲು ಇನ್ನೊಂದು ಹಿಡಿ ಬೇಕಾಯಿತು, ತರಲು ನಾನು ಹೋದೆ. ಅವರು ಅಗೆದ ಕುಳಿಯಲ್ಲಿ ಆಗಲೇ ನೀರು ತುಂಬಿತ್ತು. ಮದುವೆಯಾದ ಹೊಸದರಲ್ಲಿ ಬಟ್ಟೆ ಹಗ್ಗ ಕಟ್ಟಲು ಅದೇ ಜಾಗದಲ್ಲಿ ಮೊಳೆ ಹೊಡೆಯಲು ಹೋದಾಗ ಮೊಳೆ ಡೊಂಕಾಗಿತ್ತೇ ಹೊರತು ಒಳಗೆ ಇಳಿದಿರಲಿಲ್ಲ. ಈಗ ಬೆರಳಿಟ್ಟರೆ ಬುಡದವರೆಗೂ ಹೋಯಿತು. ಗಂಡನನ್ನು ಕರೆದು ತೋರಿಸಿದೆ. ಅವರೂ ಹೆಬ್ಬೆಟ್ಟು ಒತ್ತಿ ನೋಡಿದರು, ಮೇಲೆ ದರೆಯ ತುದಿಯವರೆಗೆ ಕಣ್ಣು ಹಾಯಿಸಿದರು. ಗೋಡೆಯ ಕೆಲಸದಲ್ಲಿ ಕೂದಲು ನೆರೆಯತೊಡಗಿದ್ದ ಮನುಷ್ಯ, ಅರ್ಥವಾಗದೆ ಇರಲಿಲ್ಲ. ಶ್ರಾವಣ ಹತ್ತಿದ ಮೊದಲ ಸೋಮವಾರವೇ ಪಾಯ ತೆಗೆಯುತ್ತೇನೆ ಎಂದರು. ಒಳಗೆ ಅತ್ತೆ ಎತ್ತಿನ ಕೋಡು ತಿದ್ದುತ್ತಿದ್ದರು. ಅಷ್ಟು ಚೆಂದದ ಎತ್ತುಗಳನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಅದೇ ದಿನ ಮಧ್ಯಾಹ್ನ ಅವ್ವ ನನ್ನನ್ನು ಕರೆದೊಯ್ಯಲು ಬಂದಳು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನ ಕೆಳಗೆ ಇರಬಾರದು, ಒಂದೇ ಹೊಸ್ತಿಲು ದಾಟಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಇದ್ದರೆ ಇಬ್ಬರಲ್ಲಿ ಒಬ್ಬರಿಗೆ ಕೇಡು. ಮರುದಿನದಿಂದ ಆಷಾಢ. ಅಮಾವಾಸ್ಯೆಯ ದಿನ ಮಗಳನ್ನು ಹೊರಡಿಸಬಹುದೇ ಎಂದು ಅವ್ವ ಅನುಮಾನಿಸಿದಾಗ, ಬಸ್ಸಿನಲ್ಲಿ ಕುಂಡಿ ಬಿಸಿಯಾಗುವ ಮೊದಲೇ ಇಳಿಯುತ್ತೀರಿ, ಅದು ಯಾವ ಸೀಮೆಯ ಪ್ರಯಾಣ ಎಂದು ಅತ್ತೆ ನಗಾಡಿದರು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು. ಹೊಸ್ತಿಲಲ್ಲಿ ನಿಂತು, ನಾಗರಪಂಚಮಿಯ ಉಂಡಿ ತಿಂದು ದಪ್ಪಗಾಗಿ ಬಾ ಎಂದು ನನ್ನ ಗಲ್ಲ ಹಿಂಡಿದರು.

ಝುವಾರಿನಗರದಲ್ಲಿ ನಮ್ಮದು ಸಾಲು ಕೋಣೆಗಳಲ್ಲಿ ಒಂದು. ಇಡೀ ಸಾಲಿಗೆ ಒಂದೇ ಉದ್ದನೆಯ ತಗಡಿನ ಸೂರು. ಆಷಾಢದ ಮಳೆ ಆ ತಗಡಿನ ಮೇಲೆ ಹುಯ್ಯತೊಡಗಿದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ. ತವರಿನ ಸುಖ ಎನ್ನುತ್ತಾರಲ್ಲ, ನನಗೆ ಒಂದು ದಿನವೂ ಹತ್ತಲಿಲ್ಲ. ಮಳೆ ಜೋರಾದಾಗೆಲ್ಲ ಬೆರಳು ಮಣ್ಣಿನೊಳಗೆ ಇಳಿದದ್ದೇ ನೆನಪು.

ಹೊಸ್ತಿಲು ದಾಟಬಾರದು ಎಂದಿದ್ದಾರೆ, ಹೋಗಿ ನೋಡಬಾರದು ಎಂದಿಲ್ಲವಲ್ಲ. ಬಸ್ಸು ಹತ್ತಿ ಮಂಗೋರ್ ಹಿಲ್‌ಗೆ ಹೋದೆ. ಕೊಡೆ ಹಿಡಿದು ಬಾಗಿಲ ಹೊರಗೆ ನಿಂತೆ. ಅತ್ತೆ ಒಳಗೆ ನಿಂತರು. ನಡುವೆ ಹೊಸ್ತಿಲು, ಅದರ ಮೇಲೆ ಅವತ್ತಿನ ರಂಗೋಲಿ. ಚಹಾ ಕೈಯಿಂದ ಕೈಗೆ ಕೊಟ್ಟರೆ ಹೊಸ್ತಿಲು ದಾಟಿದಂತಾಗುತ್ತದೋ ಏನೋ ಎಂದು ಅವರಿಗೆ ಅನುಮಾನ. ಕಪ್ಪನ್ನು ಹೊರಗಿನ ಚಿರೇಕಲ್ಲಿನ ಮೇಲಿಟ್ಟು ಒಳಗೆ ಸರಿದರು, ಆಮೇಲೆ ನಾನು ಹೋಗಿ ಎತ್ತಿಕೊಂಡೆ. ಮಳೆಯ ಹನಿ ಬಿದ್ದು ಚಹಾ ಅರ್ಧ ನೀರಾಗಿತ್ತು. ಇಬ್ಬರಿಗೂ ನಗು ಬಂತು. ಹೊರಟು ಬರುವ ಮುನ್ನ ಮನೆಯ ಮಗ್ಗುಲಿನಿಂದ ಹಿತ್ತಲ ಸಂದಿಗೆ ಹೋಗಿ ನೋಡಿದೆ. ಎತ್ತಿನ ಮಣ್ಣು ತೆಗೆದ ಕುಳಿ ಈಗ ಗವಿಯಂತೆ ಆಗಿತ್ತು. ಅದರಿಂದ ಅಕ್ಕಿ ತೊಳೆದ ನೀರಿನಂಥ ಬಿಳಿ ನೀರು ಒಸರುತ್ತಿತ್ತು. ಅಡುಗೆಮನೆಯ ಗೋಡೆ ಬಸುರಿಯ ಹೊಟ್ಟೆಯಂತೆ ಒಳಗೆ ಉಬ್ಬಿದೆ ಎಂದು ತವರಿಗೆ ಬಂದಿದ್ದಾಗ ಗಂಡ ಹೇಳಿದ್ದರು, ಅದು ಹೊರಗಿನಿಂದಲೇ ತಿಳಿಯುತ್ತಿತ್ತು.

ಗಂಡ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಕೆಲಸದ ಜಾಗದಿಂದ ಸೆಂಟ್ರಿಂಗಿನ ಮರದ ಕಂಬಗಳನ್ನು, ಬಲ್ಲಿಗಳನ್ನು ತಂದು ಗೋಡೆಗೆ ಒಳಗಿನಿಂದ ಆನಿಸಿ ನಿಲ್ಲಿಸಿದರು. ಹಾಸಿಗೆಗಳನ್ನು ಮುಂದಿನ ಕೋಣೆಗೆ ತಂದರು. ಆದರೆ ಒಲೆ ಅಲ್ಲೇ ಉಳಿಯಿತು, ಒಲೆಯ ಮುಂದಿನ ಅತ್ತೆಯೂ ಅಲ್ಲೇ ಉಳಿದರು. ಮನೆ ಬಿಡೋಣ ಎಂದರೆ ಅವರ ಬಾಯಲ್ಲಿ ಒಂದೇ ಮಾತು, ನೋಡೋಣ. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನೋಡುವುದಕ್ಕೆ ಇನ್ನೇನು ಉಳಿದಿತ್ತು ಅಲ್ಲಿ?

ಅಪ್ಪನನ್ನು ಕೇಳಿದೆ. ಬೀಗತಿಯನ್ನು ನಮ್ಮಲ್ಲಿಗೆ ಕರೆತಾ, ನಮ್ಮ ಸಾಲಿನ ಕೊನೆಯ ಕೋಣೆಯವರು ಮಳೆಗಾಲಕ್ಕೆ ಊರಿಗೆ ಹೋಗಿದ್ದಾರೆ, ಕೀಲಿ ನಮ್ಮ ಹತ್ತಿರವೇ ಇದೆ ಎಂದರು. ಮರುದಿನವೇ ಹೋಗಿ ಹೇಳಿದೆ. ಅತ್ತೆಯ ಮುಖ ಒಂದು ಗಳಿಗೆ ಬೆಳಗಿತು. ಅವರಿಗೂ ಹೆದರಿಕೆ ಇತ್ತು, ಹೇಳಿಕೊಂಡಿರಲಿಲ್ಲ ಅಷ್ಟೆ. ತಕ್ಷಣ ನೆನಪಾಯಿತು, ಆ ಸಾಲಿಗೆಲ್ಲ ಒಂದೇ ತಗಡು. ಕೋಣೆ ಬೇರೆ, ಬಾಗಿಲು ಬೇರೆ, ಹೊಸ್ತಿಲು ಬೇರೆ ಎಂದು ನಾನು ವಾದಿಸಿದೆ. ಸೂರು ಒಂದೇ ಆದರೆ ಹೇಗೆ ಎಂದು ಅವರು. ಓಣಿಯಲ್ಲಿ ತಿಥಿ ವಾರ ಹೇಳುವ ಹಿರಿಯರೊಬ್ಬರಿದ್ದರು. ಅವರನ್ನು ಕೇಳಿ ಬರುವುದೆಂದಾಯಿತು. ಅವರು ಗಡ್ಡ ನೀವಿಕೊಂಡು, ತಗಡಿನ ಸೂರಿಗೆ ಹಿಂದಿನವರು ಏನೂ ಹೇಳಿಲ್ಲ, ಗೊತ್ತಿಲ್ಲದ ಮೇಲೆ ತಡೆದು ನಡೆಯುವುದೇ ಲೇಸು ಎಂದರಂತೆ. ತಡೆದು ನಡೆಯುವುದು. ಗುಡ್ಡಕ್ಕೂ ಆ ಮಾತು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ನನಗೆ ತಲೆ ಕೆಟ್ಟಿತು. ಅದೇ ಬಾಗಿಲ ಮುಂದೆ, ಅದೇ ಮಳೆಯಲ್ಲಿ, ಓಣಿಯವರು ಇಣುಕಿ ನೋಡುವಷ್ಟು ಗಟ್ಟಿಯಾಗಿ ಬೈದೆ. ನಿಮಗೆ ಏಕಾದಶಿಗೆ ಖಾರಿ ನಡೆಯುತ್ತದೆ, ಅಮಾವಾಸ್ಯೆಗೆ ಬಸ್ಸು ನಡೆಯುತ್ತದೆ, ಜೀವ ಉಳಿಸಿಕೊಳ್ಳುವುದು ಮಾತ್ರ ನಡೆಯುವುದಿಲ್ಲವೇ ಎಂದು ಕೇಳಿ ಕಾಲೆತ್ತಿ ಹೊಸ್ತಿಲ ಹತ್ತಿರ ಬಂದೆ. ಅವರು ಕೈಯಲ್ಲಿದ್ದ ಕೊಣಮಿಗೆಯನ್ನು ಬಾಗಿಲಿಗೆ ಅಡ್ಡ ಹಿಡಿದರು. ರೊಟ್ಟಿ ಬಡಿಯುವ ಆ ಮರದ ಪಾತ್ರೆಗೆ ಹಿಟ್ಟು ಮೆತ್ತಿತ್ತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಅವರ ದನಿ ಸಣ್ಣದಾಗಿತ್ತು.

“ನನಗ ತವರು ಇರಲಿಲ್ಲ ತಂಗಿ. ಮೊದಲನೇ ಆಷಾಢಕ್ಕ ಎಲ್ಲಿ ಹೋಗ್ಲಿ? ಅಲ್ಲೇ ಇದ್ದೆ. ಅದ ತಿಂಗಳ ನಮ್ಮ ಅತ್ತಿ ಜ್ವರ ಬಂದು ಸತ್ಲು. ಅವತ್ತಿನಿಂದ ನನಗ ಅತ್ತೀನ ನುಂಗಿದಾಕಿ ಅಂದ್ರು. ನೀರಿಗಿ ಹ್ವಾದ್ರ ಅಂದ್ರು, ಹೊಲಕ್ಕ ಹ್ವಾದ್ರ ಅಂದ್ರು. ಊರು ಬಿಟ್ಟು ಗ್ವಾವಾಕ್ಕ ಬಂದಿದ್ದು ಬರೇ ಹೊಟ್ಟಿಗಿ ಅಲ್ಲ. ನಂದೇನ, ಹಣ್ಣಾಗೇನಿ, ಉದುರ್ತೀನಿ. ಆ ಮಾತು ನಿನ್ನ ಮ್ಯಾಲ ಬೀಳಬಾರ್ದು.”

ನನ್ನ ಸಿಟ್ಟೆಲ್ಲ ಅಲ್ಲೇ ನೀರಾಯಿತು. ಅಲ್ಲಿಯವರೆಗೆ ಅದು ಅವರ ಮೊಂಡುತನ ಎಂದುಕೊಂಡಿದ್ದೆ. ಮೊಂಡುತನವಾಗಿದ್ದರೆ ರಟ್ಟೆ ಹಿಡಿದು ಎಳೆದು ತರಬಹುದಿತ್ತು. ಒಬ್ಬ ಹೆಂಗಸು ತನಗೆ ಬಿದ್ದ ಬರೆ ಇನ್ನೊಬ್ಬಳಿಗೆ ಬೀಳದಿರಲಿ ಎಂದು ಬಾಗಿಲಿಗೆ ಅಡ್ಡ ನಿಂತರೆ ಅವಳೊಡನೆ ಹೇಗೆ ಜಗಳವಾಡುವುದು? ಕೊಡೆ ಮಡಚಿ ಹಿಡಿದಿದ್ದೇನೆ ಎಂಬುದೂ ಮರೆತು ತೊಯ್ದುಕೊಂಡೇ ಬಸ್ ನಿಲ್ದಾಣಕ್ಕೆ ಇಳಿದೆ.

ಉಪಾಯ ಹೊಳೆದದ್ದು ತವರಿನಲ್ಲಿ ಪಾತ್ರೆ ತಿಕ್ಕುವಾಗ. ಇಬ್ಬರೂ ಒಂದೇ ಸೂರಿನ ಕೆಳಗೆ ಇರಬಾರದು, ಅಷ್ಟೇ ತಾನೆ? ಹಾಗಾದರೆ ನಾನೇ ಹೊರಡುತ್ತೇನೆ. ಮಡಗಾಂವದ ಮೋತಿ ಡೊಂಗರ್‌ನಲ್ಲಿ ಚಿಕ್ಕಮ್ಮ ಇದ್ದಳು. ಆಷಾಢ ಮುಗಿಯುವವರೆಗೆ ನಾನು ಅಲ್ಲಿರುವುದು, ಅತ್ತೆ ಬಂದು ನನ್ನ ತವರಿನಲ್ಲಿರುವುದು. ಇಷ್ಟು ಸುಲಭದ್ದು ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಅವ್ವ ಹಣೆ ಬಡಿದುಕೊಂಡು ನಕ್ಕಳು. ಚಿಕ್ಕಮ್ಮನಿಗೆ ಹೇಳಿ ಕಳಿಸಿ, ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟು, ಬೆಳಿಗ್ಗೆಯ ಬಸ್ಸಿಗೇ ಮಂಗೋರ್ ಹಿಲ್‌ಗೆ ಹೋದೆ. ಅಪರೂಪಕ್ಕೆ ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ನನ್ನ ಮನಸ್ಸೂ ಹಗುರಾಗಿತ್ತು.

ಅತ್ತೆ ಕೇಳಿಸಿಕೊಂಡರು. ಮೊದಲು, ನನ್ನ ಸಲುವಾಗಿ ನೀನು ತವರು ಬಿಟ್ಟು ಕಂಡವರ ಮನೆಗೆ ಹೋಗುತ್ತೀಯಾ ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಒಪ್ಪಿದರು. ಬೀಗತಿಯ ಕೈಯ ಸಾರು ಉಂಡು ಕೂರುವುದೂ ಒಂದು ಯೋಗವೇ ಎಂದು ನಕ್ಕರು. ದೇವರ ಗೂಡಿನಿಂದ ಮಣ್ಣಿನ ಎತ್ತುಗಳನ್ನು ತಂದು, ಇವನ್ನೂ ಒಯ್ಯಬೇಕಲ್ಲ, ಹೊಳೆಗೆ ಬಿಡುವುದು ಇನ್ನೂ ಆಗಿಲ್ಲ ಎಂದು ತೋರಿಸಿದರು. ನಾನು, ಹಾಗಾದರೆ ಏಳಿ, ಈಗಲೇ ಹೋಗೋಣ, ನೀವು ಮುಂದಿನ ಬಸ್ಸಿಗೆ, ನಾನು ಹಿಂದಿನ ಬಸ್ಸಿಗೆ ಎಂದೆ.

“ಇವತ್ತ ಮಂಗಳವಾರ ಅಲ್ಲೇನ,” ಎಂದರು. “ಮಂಗಳವಾರ ಮನಿ ಹೆಣ್ಣಮಗಳು ಗಂಟು ಕಟ್ಟಿಕೊಂಡು ಮನಿ ಬಿಡಬಾರ್ದು. ಹಿಟ್ಟೂ ಕಲಸೇನಿ, ಸಂಜಿಕ ಆ ಹುಡುಗರು ರೊಟ್ಟಿಗಿ ಬರ್ತಾವ. ಒಂದ ಹಗಲು. ನಾಳೆ ಮುಂಜಾನಿ ಖರೇ ಬರ್ತೀನಿ, ನಿಮ್ಮವ್ವಗ ಹೇಳು.”

ಆಕಾಶ ನೋಡಿದೆ. ಬಿಸಿಲಿತ್ತು. ನಾಳೆ ಬೆಳಿಗ್ಗೆ ಎಂದರೆ ದೂರವೇನಲ್ಲ ಅನ್ನಿಸಿತು. ಇಷ್ಟು ಹಟ ಮಾಡಿದವರು ಇಷ್ಟು ಬಂದಿದ್ದಾರೆ, ಇನ್ನು ಎಳೆದರೆ ಹರಿದೀತು ಎಂದು ಮರಳಿದೆ. ಕೊನೆಯ ಕೋಣೆಯ ಕೀಲಿ ತೆಗೆದು ಗುಡಿಸಿದೆ, ಒರೆಸಿದೆ. ಅವರಿಗೆ ಒಲೆ ಇಲ್ಲದೆ ಹೊತ್ತು ಹೋಗುವುದಿಲ್ಲ ಎಂದು ಅಪ್ಪ ಇಟ್ಟಿಗೆ ತಂದುಕೊಟ್ಟರು. ಮಧ್ಯಾಹ್ನ ಮತ್ತೆ ಮಳೆ ಹಿಡಿಯಿತು. ನಾನು ಇಟ್ಟಿಗೆಗಳ ಮೇಲೆ ರೊಟ್ಟಿಯ ಹಂಚು ಓಲಾಡುತ್ತದೋ ಎಂದು ಇಟ್ಟು ನೋಡುತ್ತಿದ್ದೆ. ಆಗ ಪಕ್ಕದ ಅಂಗಡಿಯವರು ಮೊಬೈಲು ಹಿಡಿದುಕೊಂಡೇ ಓಡಿ ಬಂದರು. ಫೋನಿನ ಆ ಕಡೆ ಗಂಡನ ಜೊತೆ ಕೆಲಸ ಮಾಡುವವರೊಬ್ಬರು ಇದ್ದರು. ದರೆ ಜಾರಿದೆ, ಬೇಗ ಬಾ ಎಂದರು. ಅತ್ತೆ ಎಲ್ಲಿದ್ದಾರೆ ಎಂದು ಕೇಳಿದೆ. ಅವರು ಮತ್ತೆ ಬೇಗ ಬಾ ಎಂದರು.

ಆ ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ಕಂಡಕ್ಟರ್ ‘ಫುಡೆ, ಫುಡೆ’ ಎಂದು ಜನರನ್ನು ಮುಂದೆ ತಳ್ಳುತ್ತಿದ್ದ. ಬಸ್ಸು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ನಾನು ಇಳಿದು ಮೆಟ್ಟಿಲು ಹತ್ತಿ ಓಣಿ ತಲುಪಿದಾಗ ಜನ ಕಿಕ್ಕಿರಿದಿದ್ದರು. ಮುಂದಿನ ಕೋಣೆ ಹಾಗೇ ಇತ್ತು. ಗೋಡೆಯ ಕನ್ನಡಿ ಕೂಡ ಓರೆಯಾಗಿರಲಿಲ್ಲ. ಅದರ ಹಿಂದೆ ಅಡುಗೆಮನೆ ಇರಬೇಕಾದಲ್ಲಿ ಬಿಳಿ ಮಣ್ಣಿತ್ತು, ಅದೇ ಮಣ್ಣು. ಬಲ್ಲಿಗಳು ಕಡ್ಡಿಯಂತೆ ಮುರಿದು ಹೊರಗೆ ಚಾಚಿಕೊಂಡಿದ್ದವು. ಗಂಡ, ಅವರ ಜೊತೆಯವರು, ರೊಟ್ಟಿಗೆ ಬಂದಿದ್ದ ಹುಡುಗರು ಎಲ್ಲರೂ ಸಲಿಕೆ ಬಿಟ್ಟು ಕೈಯಿಂದಲೇ ತೋಡುತ್ತಿದ್ದರು. ಬಾಗಿಲ ಮುಂದೆ ಒಟ್ಟಿದ ಚಿರೇಕಲ್ಲಿನಲ್ಲಿ ಒಂದೇ ಒಂದೂ ಅಲುಗಿರಲಿಲ್ಲ. ನೋಡಲು ಬಂದವರು ಅವುಗಳ ಮೇಲೆ ಹತ್ತಿ ನಿಂತಿದ್ದರು.

ನಾನು ಒಳಗೆ ನುಗ್ಗಹೋದೆ. ನೆರೆಮನೆಯ ಹಿರಿಯ ಹೆಂಗಸು ಹಿಂದಿನಿಂದ ತೋಳು ಹಿಡಿದು ಎಳೆದಳು. ಇನ್ನಷ್ಟು ಮಣ್ಣು ಬೀಳುತ್ತದೆ ಎಂಬ ಭಯಕ್ಕೇ ಎಳೆದಿರಬೇಕು. ಆದರೆ ಬಾಯಿಂದ ಬಂದದ್ದು ಬೇರೆ.

“ಹೊಸ್ತಿಲ ದಾಟಬ್ಯಾಡವಾ, ಆಷಾಢ ಐತಿ.”

ಅವಳ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಅತ್ತೆಯನ್ನು ಬಾಗಿಲ ಹಲಗೆಯ ಮೇಲೆ ಹಾಕಿಕೊಂಡು ಹೊರಗೆ ತಂದರು. ಕೂತಿದ್ದ ಭಂಗಿಯಲ್ಲೇ ಕಾಲು ಮಡಚಿಕೊಂಡಿತ್ತು. ಆಸ್ಪತ್ರೆಗೆ ಒಯ್ದರು. ಅಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಹೆಣವನ್ನು ಮರುದಿನ ಬೆಳಿಗ್ಗೆ ಕೊಟ್ಟರು. ಎಲ್ಲಿಗೆ ತರುವುದು? ಮನೆ ಇಲ್ಲ, ಓಣಿಯನ್ನು ಅಪಾಯವೆಂದು ಮುಚ್ಚಿದ್ದರು. ಬೀಗರ ಹೆಣವನ್ನು ಬೀಗರ ಮನೆಗೆ ತರುವುದು ಹೇಗೆ ಎಂದು ಯಾರೋ ರಾಗ ಎಳೆದರು. ಅಪ್ಪ ಯಾರನ್ನೂ ಕೇಳಲಿಲ್ಲ, ಇಲ್ಲಿಗೇ ತರ್ರಿ ಎಂದು ಕೊನೆಯ ಕೋಣೆಯ ಬಾಗಿಲು ತೆರೆದರು. ಬುಧವಾರ ಮುಂಜಾನೆ ಬರುತ್ತೇನೆ ಎಂದಿದ್ದರು ಅತ್ತೆ. ಬುಧವಾರ ಮುಂಜಾನೆಯೇ ಬಂದರು. ನಾನು ಜೋಡಿಸಿದ್ದ ಇಟ್ಟಿಗೆಗಳನ್ನು ಯಾರೋ ಕಾಲಿನಿಂದ ಗೋಡೆಗೆ ಸರಿಸಿ, ಅಲ್ಲಿ ಅವರನ್ನು ಮಲಗಿಸಿದರು.

ನಾನು ಬಾಗಿಲ ಹೊರಗೇ ನಿಂತಿದ್ದೆ. ಅಭ್ಯಾಸವಾಗಿ ಹೋಗಿತ್ತು, ಕಾಲು ತಾನಾಗಿಯೇ ನಿಂತಿತ್ತು. ಒಳಗಿನಿಂದ ಅದೇ ನೆರೆಮನೆಯ ಹಿರಿಯ ಹೆಂಗಸು ಬಂದಳು. ನನ್ನ ಬೆನ್ನ ಮೇಲೆ ಕೈಯಿಟ್ಟಳು.

“ಬಾ ಯವ್ವಾ, ಒಳಗ ಬಾ. ಇನ್ನ ಏನೂ ದ್ವಾಷ ಇಲ್ಲ.”

ಎಂದೂ ಬಾರದಷ್ಟು ಸಿಟ್ಟು ಬಂತು ನನಗೆ. ಅವಳ ಮೇಲೆ, ಗಡ್ಡ ನೀವಿಕೊಂಡವರ ಮೇಲೆ, ಗಂಡನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ‘ಒಂದ ಹಗಲು’ ಎಂದು ನಕ್ಕು ಒಳಗೆ ಹೋದ ಅತ್ತೆಯ ಮೇಲೆ. ಹೊಸ್ತಿಲು ದಾಟಿ ಹೋಗಿ ತಲೆಯ ಹತ್ತಿರ ಕುಳಿತೆ. ಅತ್ತೆಯ ಕೈ ತೊಳೆಯಲು ನೀರು ಕೊಟ್ಟರು. ಮಣ್ಣೆಲ್ಲ ಹೋದ ಮೇಲೂ ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಗಟ್ಟಿಯಾಗಿ ಉಳಿದಿತ್ತು. ಅದನ್ನು ನೆನೆಸಿ ನೆನೆಸಿ ಬಿಡಿಸಿದೆ. ಹಿಂದೆ ಕುಳಿತ ಹೆಂಗಸರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಸೊಸೆ ಪಾಪ ಮೊದಲೇ ತವರಿಗೆ ಬಂದಿದ್ದಳು, ಆ ಮನೆಯ ಹೊಸ್ತಿಲು ಕೂಡ ತುಳಿದಿಲ್ಲ, ಇದರಲ್ಲಿ ಅವಳದೇನೂ ಇಲ್ಲ ಎಂದು ಒಬ್ಬಳು ಅಂದಳು. ಹೌದು ಹೌದು ಎಂದರು ಉಳಿದವರು. ಅತ್ತೆ ಹೆದರಿದ್ದ ಆ ಮಾತನ್ನು ಅವತ್ತೂ ಯಾರೂ ಅನ್ನಲಿಲ್ಲ, ಮುಂದೆಯೂ ಯಾರೂ ಅನ್ನಲಿಲ್ಲ.

ಮೇಲೆ ಒಂದೇ ತಗಡು, ಅದರ ಮೇಲೆ ಮಳೆ. ಆಷಾಢ ಇನ್ನೂ ಬೇಕಾದಷ್ಟು ಉಳಿದಿತ್ತು. ಮಧ್ಯಾಹ್ನದವರೆಗೆ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಇದ್ದೆವು.